ಯಾವ ‘ನಾವು’ ಮಾರಾಯ್ರೆ?

ಅವರು ತೀರಿಕೊಂಡ ಮೇಲೆ ನಾನು ನಾಲ್ಕು ಸಂತಾಪ ಸಭೆಗಳಲ್ಲಿ ಕೂತೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ. ನಾಲ್ಕೂ ಕಡೆ ಅದೇ ಫೋಟೋ. ಯಾರೋ ಕರೆದದ್ದಕ್ಕೆ ತಿರುಗುತ್ತಿರುವಂಥ ಅರ್ಧ ಮುಖ, ಅದೂ ಮಸುಕು. ಒಳ್ಳೆಯ ಫೋಟೋ ಸಿಗಲಿಲ್ಲವೆಂದು ಸಂಘಟಕರು ಬೇಸರಪಟ್ಟರು. ಸಿಗುವುದಾದರೂ ಹೇಗೆ? ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸುವಷ್ಟರಲ್ಲಿ ಅವರು ಕುರ್ಚಿ ಬಿಟ್ಟು ಎದ್ದಾಗಿರುತ್ತಿತ್ತು. ನಾಲ್ಕೂ ಕಡೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು “ನಮ್ಮ ಊರಿನ ಹೆಮ್ಮೆಯ ಸಾಹಿತಿ” ಎಂದೇ ಶುರುಮಾಡಿದರು. ಅದರಲ್ಲಿ ಸುಳ್ಳಿಲ್ಲ. ನಾಲ್ಕು ಊರಿನಲ್ಲೂ ಅವರು ಬಾಡಿಗೆ ಮನೆ ಹಿಡಿದಿದ್ದರು, ನಾಲ್ಕು ಊರಿನಲ್ಲೂ ಬಿಟ್ಟಿದ್ದರು. ಆ ಸಭೆಗಳಿಗೆ ಅವರೇ ಬಂದಿದ್ದರೆ ಬಾಗಿಲ ಹತ್ತಿರ ನಿಂತು, ಕೊಡೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ದಾಟಿಸುತ್ತ ನನ್ನ ಕಿವಿಯಲ್ಲಿ ಕೇಳುತ್ತಿದ್ದರು: “ಯಾವ ‘ನಮ್ಮ’ ಮಾರಾಯ್ರೆ?”

ಇಂಥದೇ ಒಂದು ಪ್ರಶ್ನೆಯಿಂದ ನನಗೆ ಅವರ ಪರಿಚಯವಾದದ್ದು. ಉಡುಪಿಯ ಕಾಲೇಜೊಂದಕ್ಕೆ ಇತಿಹಾಸದ ಅಧ್ಯಾಪಕನಾಗಿ ಸೇರಿದ ದಿನ, ಅಧ್ಯಾಪಕರ ಕೋಣೆಯಲ್ಲಿ ಎಲ್ಲರೂ ಕೂತು ಊಟ ಮಾಡುತ್ತಿದ್ದರೆ ಒಬ್ಬರು ಮಾತ್ರ ಬುತ್ತಿಯನ್ನು ಅಂಗೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತೇ ಉಣ್ಣುತ್ತಿದ್ದರು. ಕನ್ನಡ ವಿಭಾಗದವರು, ಕತೆಗಾರರು ಎಂದು ಯಾರೋ ಹೇಳಿದರು. ನಾನು ಅವರ ಕತೆಗಳನ್ನು ಓದಿದ್ದೆ. ಭಕ್ತಿಯಿಂದ ಹತ್ತಿರ ಹೋಗಿ ನಮಸ್ಕಾರ ಮಾಡಿದೆ. ಅವರು ನನ್ನ ಹೆಸರು ಕೇಳಿದರು, ತಲೆ ಆಡಿಸಿದರು.

“ಮನೆಯಲ್ಲಿ ಕೊಂಕಣಿಯಾ?”

“ಹೌದು ಸರ್. ಕಾಪುವಿನ ಹತ್ತಿರ ನಮ್ಮ ಮನೆ.”

“ಕೊಂಕಣಿಯಲ್ಲಿ ‘ನಾವು’ ಅಂತ ಹೇಳಲಿಕ್ಕೆ ಎಷ್ಟು ಶಬ್ದ ಉಂಟು?”

ನಾನು ಯೋಚಿಸಿ, “ಒಂದೇ. ಆಮಿ,” ಎಂದೆ.

“ಪಾಪ. ಹಾಗಾದರೆ ನೀವೂ ಬಡವರೇ ಪೊರ್ಬುಗಳೇ,” ಎಂದು ಹೇಳಿ ಬುತ್ತಿ ಮುಚ್ಚಿ ಹೊರಟೇಹೋದರು. ನಮ್ಮ ಕಡೆ ತುಳುವರು ಕ್ರಿಶ್ಚಿಯನ್ನರನ್ನು ಸಲಿಗೆಯಿಂದಲೂ ಗೌರವದಿಂದಲೂ ಕರೆಯುವುದು ‘ಪೊರ್ಬು’ ಎಂದು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ಪೊರ್ಬುಗಳೇ. ಮನುಷ್ಯನಿಗೆ ತಲೆ ಸ್ವಲ್ಪ ಸಡಿಲ ಎಂದು ಆ ಹೊತ್ತು ನಿರ್ಧಾರ ಮಾಡಿದ್ದೆ.

ನನ್ನದು ಕೂತಲ್ಲಿ ಕೂರುವ ಸ್ವಭಾವ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಚಾ. ಅವರ ಜೊತೆ ಇದು ನಡೆಯುವ ಮಾತೇ ಅಲ್ಲ. ರಥಬೀದಿಯ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿಂದರೆ ಚಾ ಕುಡಿಯಲಿಕ್ಕೆ ಬಸ್‌ಸ್ಟ್ಯಾಂಡಿನ ಹೋಟೆಲಿಗೇ ಆಗಬೇಕು. ಚಾ ಬರುವಷ್ಟರಲ್ಲಿ ಮಲ್ಪೆಗೆ ಹೋಗುವ ಮನಸ್ಸಾಗುತ್ತಿತ್ತು. ಮಲ್ಪೆಗೆ ಹೋದರೆ ಮೀನು ಏಲಂ ಕೂಗುವವರ ಬಾಯಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತು, “ಸಾಕು, ಹೋಗುವ” ಎನ್ನುತ್ತಿದ್ದರು. ಮೀನು ತೆಗೆದುಕೊಳ್ಳಲಿಕ್ಕೂ ಬಿಡುತ್ತಿರಲಿಲ್ಲ. ತರಗತಿಯಲ್ಲಿ ಅವರು ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ ಪಾಠ ಮಾಡಿದರೆ ಮುಂದಿನ ಬೆಂಚಿನ ಹುಡುಗಿಯರ ಕತ್ತು ನೋಯುತ್ತಿತ್ತು. ಬರೆಯುವುದಂತೂ ಬಸ್ಸಿನಲ್ಲಿಯೇ. ಉಡುಪಿ–ಕಾರ್ಕಳ ಬಸ್ಸು ಹತ್ತಿ, ಬ್ಯಾಗನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಕಾಗದ ಇಟ್ಟು ಬರೆಯುವುದು. ಕಾರ್ಕಳದಲ್ಲಿ ಇಳಿದು ಅದೇ ಬಸ್ಸಿನಲ್ಲಿ ವಾಪಸು. ಅವರ ಅಕ್ಷರ ನೋಡಿದರೆ ರಸ್ತೆ ಎಲ್ಲಿ ಹೊಂಡ ಬಿದ್ದಿದೆ ಎಂದು ಹೇಳಬಹುದಿತ್ತು. ಮದುವೆಯಾಗಿರಲಿಲ್ಲ, ಹಾಗಾಗಿ ಕೇಳುವವರೂ ಇರಲಿಲ್ಲ.

ಇನ್ನು ಮನೆ ಬದಲಾಯಿಸುವ ಚಟ. ನನಗೆ ಪರಿಚಯವಾದಾಗ ಉಡುಪಿಯ ಕಡಿಯಾಳಿಯಲ್ಲಿದ್ದರು. ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಳ್ಳೆಯ ಬಾವಿ. “ಇಲ್ಲಿ ಎಲ್ಲರೂ ನನ್ನನ್ನು ನೋಡಿ ನಗಾಡ್ತಾರೆ ಮಾರಾಯ್ರೆ. ನಗುವವರ ನಡುವೆ ಕತೆ ಬರೆಯಲಿಕ್ಕೆ ಆಗುವುದಿಲ್ಲ,” ಎಂದು ಬಿಟ್ಟರು. ಮಣಿಪಾಲದ ಗುಡ್ಡದ ಮೇಲೆ ಮನೆ ಹಿಡಿದರು. ಅಲ್ಲಿ ಗಾಳಿ ಹೆಚ್ಚು, ಕಾಗದ ಹಾರುತ್ತದೆ ಎಂದರು. ಕಾಪುವಿನಲ್ಲಿ ದೀಪಸ್ತಂಭ ಕಾಣುವ ಮನೆ. ಆ ಸಲ ನನ್ನ ಊರಿಗೇ ಬಂದರಲ್ಲ ಎಂದು ನನಗೆ ಖುಷಿ. ನನ್ನ ಅಮ್ಮ ಹಬ್ಬಕ್ಕೆ ಅವರನ್ನು ಕರೆದು ಇಡ್ಲಿಯಂಥ ಸಾನ್ನ ಬಡಿಸಿದರು. ಆದರೆ ಮಳೆಗಾಲ ಮುಗಿಯುವ ಮೊದಲೇ ಅವರ ಟ್ರಂಕು ಬಾಗಿಲಿಗೆ ಬಂದಿತ್ತು. “ಈ ಸಮುದ್ರಕ್ಕೆ ಹೇಳ್ಲಿಕ್ಕೆ ಇರುವುದು ಒಂದೇ ಮಾತು. ಅದನ್ನೂ ಪೂರ್ತಿ ಹೇಳುವುದಿಲ್ಲ. ನನಗೇ ಅಂಥದ್ದು ಒಂದು ಸಾಕು,” ಎಂದರು. ಕಾರ್ಕಳದ ಮನೆ ಬಿಡಲಿಕ್ಕೆ ಹೇಳಿದ ಕಾರಣ ಇನ್ನೂ ಚೆನ್ನಾಗಿತ್ತು. ಅಂಗಳಕ್ಕೆ ಇಳಿದರೆ ಗುಡ್ಡದ ಮೇಲಿನ ಗೊಮ್ಮಟ ಕಾಣುತ್ತಾನಂತೆ. “ಅಷ್ಟು ಕಾಲದಿಂದ ನಿಂತಲ್ಲೇ ನಿಂತಿದ್ದಾನೆ. ಬೆಳಿಗ್ಗೆ ಎದ್ದು ಅವನ ಮುಖ ನೋಡ್ಲಿಕ್ಕೆ ನನಗೆ ನಾಚಿಕೆ.”

ಪ್ರತಿ ಸಲ ಸಾಮಾನು ಹೊರುವವ ನಾನು. ಒಂದು ಟ್ರಂಕು ಪುಸ್ತಕ, ಒಂದು ಚಾಪೆ, ಒಂದು ತಾಮ್ರದ ಚೆಂಬು, ಒಂದು ಕೊಡೆ. ಆ ಟ್ರಂಕು ಎತ್ತುವಾಗ ನನಗೆ ಅವರ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು. ಇಳಿಸುವಾಗ ಪ್ರೀತಿಯೂ ಬರುತ್ತಿತ್ತು, ಅದನ್ನೂ ಹೇಳಬೇಕು. ಅಂಥ ಇನ್ನೊಬ್ಬ ಮನುಷ್ಯ ನನ್ನ ಬಾಳಿನಲ್ಲಿ ಬರಲಿಲ್ಲ.

ಆಗ ಉಡುಪಿಯಲ್ಲಿ ಬರೆಯುವವರಿಗೆ ಬರವಿರಲಿಲ್ಲ. ಸಂಜೆ ಯಾವುದಾದರೂ ಅಂಗಡಿಯ ಜಗಲಿಯಲ್ಲಿ ಸೇರಿದರೆ ಐದಾರು ಮಂದಿ ಕವಿಗಳು, ಕತೆಗಾರರು, ಯಕ್ಷಗಾನದ ಅರ್ಥಧಾರಿಗಳು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಏನೇನೋ. ಕಾಗದದ ಮೇಲೆ ಎಲ್ಲರಿಗೂ ಕನ್ನಡ. ಎಲ್ಲರೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಇವರು ಮಾತ್ರ “ನಾವೆಲ್ಲ ಬಟ್ಟೆ ಬದಲಾಯಿಸಿ ಬರೆಯುವವರು. ಒಂದೊಂದು ಸಲ ಬಟ್ಟೆಯ ಜೊತೆ ಮೈಯೂ ಬದಲಾಗ್ತದೆ,” ಎಂದು ಗೊಣಗುತ್ತಿದ್ದರು. ಯಾರಾದರೂ ಚರ್ಚೆಯಲ್ಲಿ “ನಾವು ಬರಹಗಾರರು” ಎಂದರೆ ಸಾಕು, “ಯಾವ ನಾವು?” ಎಂದು ತಕ್ಷಣ ತಡೆಯುತ್ತಿದ್ದರು. ಚರ್ಚೆ ಅಲ್ಲಿಗೆ ಮಗುಚಿಬೀಳುತ್ತಿತ್ತು. ಇದು ಅವರ ಕುಚೇಷ್ಟೆ ಎಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಿತ್ತು. ಕಾರ್ಕಳದ ಬಸ್ಸಿನಲ್ಲಿ ಎಷ್ಟು ಮಾತಾಡಿಕೊಂಡು ಬಂದರೂ ಹಿರಿಯಡ್ಕ ಹತ್ತಿರ ಬಂದಾಗ ಬಾಯಿ ಮುಚ್ಚುತ್ತಿದ್ದರು. ಬಸ್ಸು ನಿಂತರೆ ಜನ ಇಳಿಯುತ್ತಾರೆ, ಹತ್ತುತ್ತಾರೆ, ಕಂಡಕ್ಟರ್ “ಹಿರಿಯಡ್ಕ, ಹಿರಿಯಡ್ಕ” ಎಂದು ಕೂಗುತ್ತಾನೆ. ಇವರು ಕಿಟಕಿಯಿಂದ ಒಳಗಿನ ಮಣ್ಣಿನ ದಾರಿಯನ್ನೇ ನೋಡುತ್ತ ಕೂತಿರುತ್ತಿದ್ದರು. ಕಾಲು ಅಲ್ಲಾಡುತ್ತಿರಲಿಲ್ಲ, ಕೈ ಅಲ್ಲಾಡುತ್ತಿರಲಿಲ್ಲ. ಅವರನ್ನು ಅಷ್ಟು ಸುಮ್ಮನೆ ನಾನು ಬೇರೆಲ್ಲೂ ಕಂಡಿರಲಿಲ್ಲ. ಬಸ್ಸು ಹೊರಟ ಮೇಲೆ ನಿಟ್ಟುಸಿರು ಬಿಟ್ಟು ಮತ್ತೆ ಚಡಪಡಿಸಲಿಕ್ಕೆ ಶುರು. ಒಮ್ಮೆಯೂ ಅಲ್ಲಿ ಇಳಿದದ್ದಿಲ್ಲ.

ಕಾರಣ ಗೊತ್ತಾದದ್ದು ಕಾಪುವಿನ ಕಡಲ ದಂಡೆಯಲ್ಲಿ. ಅಂದು ಹೊಯಿಗೆಯ ಮೇಲೆ ಅತ್ತಿತ್ತ ನಡೆಯುತ್ತ ಅವರು ಹೇಳಿದರು, ನಾನು ಹಿಂದೆ ಹಿಂದೆ ಓಡುತ್ತ ಕೇಳಿದೆ.

ಹಿರಿಯಡ್ಕದಿಂದ ಆ ಮಣ್ಣಿನ ದಾರಿಯಲ್ಲಿ ಸ್ವಲ್ಪ ನಡೆದರೆ ಅವರು ಹುಟ್ಟಿದ ಮನೆ. ಅಲ್ಲಿರುವುದು ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವರನ್ನು ಸಾಕಿ, ಉಡುಪಿಗೆ ಓದಲು ಕಳಿಸಿದವಳು ಆ ಅಕ್ಕ. ಆ ಮನೆಯ ಗದ್ದೆಗಳನ್ನು ಒಕ್ಕಲಾಗಿ ಮಾಡುತ್ತಿದ್ದದ್ದು ಗುಲಾಬಿ ಎಂಬವರ ಸಂಸಾರ. ಅಕ್ಕನೂ ಗುಲಾಬಿಯೂ ಓರಗೆಯವರು. ಒಂದೇ ಕೆರೆಯಲ್ಲಿ ಈಜು ಕಲಿತವರು, ಒಬ್ಬರ ಬಾಣಂತನಕ್ಕೆ ಇನ್ನೊಬ್ಬರು ನಿದ್ದೆಗೆಟ್ಟವರು. ಆಮೇಲೆ ಭೂಸುಧಾರಣೆ ಬಂತು. ಉಳುವವರು ತಾವೇ ಎಂದು ಗುಲಾಬಿಯ ಗಂಡ ಸರ್ಕಾರಕ್ಕೆ ಡಿಕ್ಲರೇಶನ್ ಕೊಟ್ಟರು. ಗದ್ದೆಗಳು ಅವರ ಹೆಸರಿಗಾದವು. ಆ ವಿಷಯ ತಿಳಿದ ದಿನ ಗುಲಾಬಿ ಯಾವಾಗಿನಂತೆ ಬಸಳೆ ಕಟ್ಟು ಹಿಡಿದುಕೊಂಡು ಅಕ್ಕನ ಅಂಗಳಕ್ಕೆ ಬಂದರು. ಬಂದವರು ಕಟ್ಟನ್ನು ಕೊಡದೆ ಅಲ್ಲೇ ನಿಂತರು. ಅಕ್ಕನೇ ಜಗಲಿಯಿಂದ ಇಳಿದು ಅವರ ಕೈ ಹಿಡಿದು ಕೇಳಿದಳು: “ನಮ ಎಂಚ ಬದುಕುನಿ?”

ನಾವು ಹೇಗೆ ಬದುಕುವುದು? ಅಷ್ಟೇ. ರಜೆಗೆ ಬಂದಿದ್ದ ತಮ್ಮ ಬಾಗಿಲಲ್ಲಿ ನಿಂತು ಇದನ್ನು ಕೇಳಿದರು. ಅದನ್ನು ಕತೆ ಮಾಡಿದರು. ವಾರಪತ್ರಿಕೆಯಲ್ಲಿ ಬಂತು, ಎಲ್ಲರೂ ಹೊಗಳಿದರು.

“ಅದರಲ್ಲಿ ತಪ್ಪು ಎಂತ ಉಂಟು?” ನಾನು ಕೇಳಿದೆ.

ಅವರು ನಡೆಯುವುದನ್ನು ನಿಲ್ಲಿಸಿದರು. “ತುಳುವಿನಲ್ಲಿ ‘ನಾವು’ ಎರಡು ಉಂಟು ಪೊರ್ಬುಗಳೇ. ‘ನಮ’ ಅಂದರೆ ನೀವೂ ಸೇರಿ ನಾವು. ‘ಎಂಕುಳು’ ಅಂದರೆ ನಿಮ್ಮನ್ನು ಬಿಟ್ಟು ನಾವು. ಅಕ್ಕ ಹೇಳಿದ್ದು ‘ನಮ’. ನೀನೂ ನಾನೂ ಇನ್ನು ಮುಂದೆ ಹೇಗೆ ಬದುಕುವ, ಗುಲಾಬಿ? ಅಂತ. ನಾನು ಬರೆದದ್ದು ಕನ್ನಡದಲ್ಲಿ. ಕನ್ನಡದಲ್ಲಿ ಇರುವುದು ಒಂದೇ.”

ಗುಲಾಬಿಗೆ ಓದು ಬರುತ್ತಿರಲಿಲ್ಲ. ಮಗ ಪತ್ರಿಕೆ ತಂದು, ಓದುತ್ತ ಓದುತ್ತ ತುಳುವಿಗೆ ತಿರುಗಿಸಿ ಹೇಳಿದ. ಆ ಸಾಲು ಬಂದಾಗ ಅವನ ಬಾಯಿಗೆ ಬಂದದ್ದು “ಎಂಕುಳು ಎಂಚ ಬದುಕುನಿ”. ಗದ್ದೆ ಕಳೆದುಕೊಂಡ ಧನಿಗಳ ಮನೆಯವರು ಇನ್ನೇನು ಹೇಳಿಯಾರು ಎಂದು ಅವನ ಎಣಿಕೆ. ನೀವು ನಮ್ಮ ಅನ್ನ ಕಿತ್ತುಕೊಂಡಿರಿ, ನಾವು ಇನ್ನು ಹೇಗೆ ಬದುಕುವುದು ಎಂಬ ಗೋಳಾಯಿತು ಅದು. ಗುಲಾಬಿ ಆ ಮಾತನ್ನು ಅಂಗಳದಲ್ಲಿ ತಾನೇ ಕಿವಿಯಾರೆ ಕೇಳಿದವರು. ಆದರೂ ಅವರಿಗೆ ಅನಿಸಿದ್ದು ಬೇರೆ. ಎದುರಿಗೆ ‘ನಮ’ ಎಂದು ಹೇಳಿ, ಊರಿಗೆಲ್ಲ ಓದಲಿಕ್ಕೆ ‘ಎಂಕುಳು’ ಎಂದು ಅಚ್ಚು ಹಾಕಿಸಿದ್ದಾರೆ. ಹಾಗಾದರೆ ಮನಸ್ಸಿನಲ್ಲಿ ಇದ್ದದ್ದು ಇದೇ. ಅಂದಿನಿಂದ ಅವರು ಅಕ್ಕನ ಅಂಗಳ ತುಳಿಯಲಿಲ್ಲ. ಅಕ್ಕ ಹೇಳಿಕಳಿಸಿದರೂ ಬರಲಿಲ್ಲ.

ಅಕ್ಕ ತಮ್ಮನನ್ನು ಕರೆಸಿ ಒಂದೇ ಮಾತು ಹೇಳಿದಳಂತೆ. “ಗದ್ದೆ ಹೋದದ್ದಕ್ಕೆ ನಾನು ಅಳಲಿಲ್ಲ. ನನ್ನ ಬಾಯಿಯ ಮಾತನ್ನು ನೀನು ಕೆಡಿಸಿದೆ. ಗುಲಾಬಿ ಈ ಅಂಗಳಕ್ಕೆ ಕಾಲಿಡುವವರೆಗೆ ನೀನೂ ಇಡಬೇಡ.”

ಕಡಿಯಾಳಿ, ಮಣಿಪಾಲ, ಕಾಪು ಎಂದು ನಾನು ಟ್ರಂಕು ಹೊತ್ತದ್ದೆಲ್ಲ ಆ ಒಂದು ಅಂಗಳಕ್ಕೆ ಸುತ್ತು ಬಂದದ್ದು ಎಂದು ಆಗ ಹೊಳೆಯಿತು. ಬೇಲಿಗೆ ಸುತ್ತು ಬರುವ ದನದ ಹಾಗೆ. “ಹೋಗಿ ಗುಲಾಬಿಯಕ್ಕನ ಹತ್ತಿರ ಹೇಳಬಹುದಿತ್ತಲ್ಲ?” ಎಂದೆ.

“ಹೋದೆ ಮಾರಾಯ್ರೆ, ಹೋಗದೆ ಇರ್ತೇನಾ? ಅಕ್ಕ ಹೇಳಿದ್ದು ‘ನಮ’ ಅಂತಲೇ ಅಂದೆ, ಅಷ್ಟಕ್ಕೇ ತಡೆದರು. ‘ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ, ಸಣ್ಣ ಧನಿಗಳೇ. ಕಾಗದದಲ್ಲಿ ಇದ್ದದ್ದು ಉಳೀತದೆ. ಕಾಗದದಲ್ಲಿ ಸರಿಮಾಡಿ’ ಅಂದರು.”

ಅಲ್ಲಿಂದ ಅವರು ಆ ಒಂದು ಶಬ್ದದ ಹಿಂದೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಕತೆಗಳ ಸಂಕಲನ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಅಚ್ಚಾಗುತ್ತಿತ್ತು. ಕರಡು ಬಂದಾಗೆಲ್ಲ ಆ ಸಾಲಿನಲ್ಲಿ ತಿದ್ದುಪಡಿ. ‘ನಾವೆಲ್ಲರೂ’ ಎಂದು ಬರೆದರು, ಮರುದಿನ ಹೊಡೆದುಹಾಕಿದರು. “‘ನಾವೆಲ್ಲರೂ’ ಅಂದರೆ ಮಂತ್ರಿಯ ಭಾಷಣ. ಅಕ್ಕ ಮಂತ್ರಿ ಅಲ್ಲ.” ‘ನಾವಿಬ್ಬರೂ’ ಎಂದು ಬರೆದರು. “ಇದು ಸಿನಿಮಾ ಹಾಡು.” ‘ನೀನೂ ನಾನೂ’ ಎಂದು ಹಾಕಿದರೆ ಜಗಳಕ್ಕೆ ಕರೆದ ಹಾಗೆ ಕೇಳುತ್ತದೆಂದರು. ತುಳು ಮಾತನ್ನೇ ಹಾಕಿ ಎಂದೆ ನಾನು. “ಹಾಕ್ಬಹುದು. ಘಟ್ಟದ ಮೇಲಿನವರಿಗೆ ಅಡಿಯಲ್ಲಿ ಅರ್ಥ ಕೊಡ್ಬೇಕಲ್ಲ? ಅರ್ಥದಲ್ಲಿ ಎಂತ ಬರೆಯುವುದು? ‘ನಾವು’ ಅಂತಲೇ ಅಲ್ವಾ?” ಅಚ್ಚುಮೊಳೆ ಜೋಡಿಸುವಾತ ಕೊನೆಗೆ ಕೈಮುಗಿದ. “ಮಾರಾಯ್ರೆ, ಒಂದು ‘ನಾವು’ ಕೀಳ್ಲಿಕ್ಕೆ ಇಡೀ ಪುಟ ಬಿಚ್ಚಬೇಕು. ನಿಮಗೆ ಪುಣ್ಯ ಬರ್ತದೆ, ಬಿಟ್ಟುಬಿಡಿ.” ಪುಸ್ತಕ ಹೊರಬಂದಾಗ ಆ ಸಾಲು ಮೊದಲಿದ್ದ ಹಾಗೆಯೇ ಇತ್ತು. ಅದಕ್ಕೆ ಬಹುಮಾನ ಬಂದ ಸುದ್ದಿ ಕೇಳಿ ಅವರು ಕಾರ್ಕಳದ ಬಸ್ಸು ಹತ್ತಿದವರು ಸಂಜೆಯವರೆಗೂ ಹೋಗುತ್ತ ಬರುತ್ತ ಇದ್ದರು.

ದಾರಿ ಸಿಕ್ಕಿದ್ದು ರೇಡಿಯೋದಿಂದ. ಒಂದು ಕತೆ ಓದಿ ಎಂದು ಮಂಗಳೂರಿನಿಂದ ಕರೆ ಬಂದಾಗ ಅವರು ಈ ಕತೆಯನ್ನೇ ಆರಿಸಿದರು. ಜೊತೆಗೆ ನಾನೂ ಹೋದೆ. ಗಾಜಿನ ಆಚೆ ಅವರನ್ನು ಕೂರಿಸಿದರು. ಅವರು ಎದ್ದರು, ಮತ್ತೆ ಕೂರಿಸಿದರು. ಓದು ಚೆನ್ನಾಗಿಯೇ ಸಾಗಿತು. ಆ ಸಾಲು ಬಂದಾಗ ಕಾಗದದಿಂದ ಕಣ್ಣು ಎತ್ತಿ, ಮೈಕಿಗೆ ಅಲ್ಲ, ಎದುರು ಯಾರೋ ನಿಂತಿದ್ದಾರೆ ಎನ್ನುವ ಹಾಗೆ ಹೇಳಿದರು: “ನಮ ಎಂಚ ಬದುಕುನಿ?”

ಧ್ವನಿಮುದ್ರಣ ಮಾಡುತ್ತಿದ್ದವರು ತಡೆದರು. “ಸರ್, ಬರಹದಲ್ಲಿ ಬೇರೆ ಉಂಟು. ಇದು ಕನ್ನಡ ಕಾರ್ಯಕ್ರಮ. ಆ ವಾಕ್ಯ ಇನ್ನೊಮ್ಮೆ ಓದುವ.”

ಇನ್ನೊಮ್ಮೆ ಓದಿದರು. ಮತ್ತೆ ಅದೇ ತುಳು. ಮೂರನೆಯ ಸಲವೂ ಅದೇ. ಗಾಜಿನ ಈಚೆಯಲ್ಲಿ ಇದ್ದವರು ನನ್ನ ಮುಖ ನೋಡಿದರು. “ಬಿಡಿ ಸರ್, ಅವರಿಗೆ ಆ ಮಾತು ಬೇರೆ ಥರ ಬರುವುದಿಲ್ಲ,” ಎಂದೆ ನಾನು. ಅವರು ಒಳ್ಳೆಯವರು, ನಕ್ಕು ಬಿಟ್ಟುಕೊಟ್ಟರು.

ಕತೆ ಪ್ರಸಾರವಾಯಿತು. ಆಮೇಲೆ ಏನೂ ಆಗಲಿಲ್ಲ. ಅಕ್ಕನಿಂದ ಸುದ್ದಿಯಿಲ್ಲ, ಗುಲಾಬಿಯಿಂದ ಸುದ್ದಿಯಿಲ್ಲ. ಅವರ ಮನೆಯಲ್ಲಿ ರೇಡಿಯೋ ಇದೆಯೋ ಇಲ್ಲವೋ, ಇದ್ದರೂ ಸೆಲ್ಲು ಇತ್ತೋ ಇಲ್ಲವೋ. ಆ ದಿನಗಳಲ್ಲಿ ಇವರ ಚಡಪಡಿಕೆ ನೋಡಲಿಕ್ಕಾಗುತ್ತಿರಲಿಲ್ಲ. ತರಗತಿ ನಡುವೆಯೇ ಹೊರಗೆ ಹೋಗಿ ಗೇಟಿನವರೆಗೆ ನಡೆದು ಬರುತ್ತಿದ್ದರು. ಮತ್ತೊಮ್ಮೆ ಮನೆ ಬದಲಾಯಿಸುವ ಮಾತೆತ್ತಿದರು. ಈ ಸಲ ಟ್ರಂಕು ನೀವೇ ಹೊತ್ತುಕೊಳ್ಳಿ ಎಂದು ನಾನು ಸಿಟ್ಟಿನಲ್ಲಿ ಹೇಳಿದೆ.

ಆ ಮಳೆಗಾಲ ಕಳೆದ ಮೇಲೆ ಕಾರ್ಕಳದಲ್ಲಿ ಅವರಿಗೆ ಸನ್ಮಾನ ಇಟ್ಟರು. ಕರೆದುಕೊಂಡು ಬರುವ ಹೊಣೆ ನನ್ನದು. ಮಧ್ಯಾಹ್ನದ ಬಸ್ಸು ಹತ್ತಿದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಅದರೊಳಗೆ ಕೂರಲಾರದೆ ಒದ್ದಾಡುತ್ತಿದ್ದರು. ಹಿರಿಯಡ್ಕ ಬಂತು. ಅವರು ಯಾವಾಗಿನ ಹಾಗೆ ಸುಮ್ಮನಾದರು.

ಹತ್ತುವವರ ನಡುವೆ ಒಬ್ಬ ವಯಸ್ಸಾದ ಹೆಂಗಸು ಬಸ್ಸು ಹತ್ತದೆ ಕಿಟಕಿಗಳನ್ನೇ ನೋಡುತ್ತ ಬಂದು ನಮ್ಮ ಕಿಟಕಿಯ ಕೆಳಗೆ ನಿಂತರು. ಕೈಯಲ್ಲಿ ಬಸಳೆ ಕಟ್ಟು. ಅವರು ಆಡಿದ್ದೆಲ್ಲ ತುಳು. ಕನ್ನಡಕ್ಕೆ ತಂದದ್ದು ನಾನು, ಹಾಗಾಗಿ ಎಷ್ಟು ಕೆಟ್ಟಿದೆಯೋ ಗೊತ್ತಿಲ್ಲ.

“ಸಣ್ಣ ಧನಿಗಳೇ, ಈ ಬಸ್ಸಿನಲ್ಲಿ ಹೋಗ್ತೀರಿ, ಬರ್ತೀರಿ. ನೋಡ್ತಾ ಇದ್ದೇನೆ.”

ಇವರು ಕಿಟಕಿಗೆ ಬಗ್ಗಿದರು.

“ರೇಡಿಯೋದಲ್ಲಿ ‘ನಮ’ ಅಂತಲೇ ಹೇಳಿದ್ರಂತಲ್ಲ. ನಾನು ಕೇಳಿದ್ದಲ್ಲ, ಹಾಲಿನ ಡಿಪೋದ ಹತ್ತಿರ ಜನ ಮಾತಾಡಿದರು. ಮಗನನ್ನು ಕರೆದು ಕೇಳಿದೆ, ನೀನು ಅಂದು ಓದಿದ್ದರಲ್ಲಿ ‘ನಮ’ ಅಂತ ಇತ್ತಾ, ‘ಎಂಕುಳು’ ಅಂತ ಇತ್ತಾ ಅಂತ. ಕಾಗದದಲ್ಲಿ ಎರಡಕ್ಕೂ ಒಂದೇ ಅಮ್ಮಾ ಅಂದ.” ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಒಂದೇ ಅಂತ ಮೊದಲೇ ಹೇಳಿದ್ದರೆ ನಾನು ಇಷ್ಟು ವರ್ಷ ಅಕ್ಕನನ್ನು ಬಿಟ್ಟು ಇರ್ತಿದ್ದೆನಾ?”

ಕಂಡಕ್ಟರ್ ಶಿಳ್ಳೆ ಹಾಕಿದ. ಡ್ರೈವರ್ ಗೇರ್ ಹಾಕಿದ. ಆಕೆ ಬಸಳೆ ಕಟ್ಟನ್ನು ಮಣ್ಣಿನ ದಾರಿಯತ್ತ ಆಡಿಸಿ ಹೇಳಿದರು:

“ಬಲೆ, ನಮ ಪೋಯಿ.”

ಬನ್ನಿ, ನಾವು ಹೋಗುವ. ಯಾವ ನಾವು ಎಂದು ಇವರು ಕೇಳಲಿಲ್ಲ. ನನ್ನ ಕಾಲು ತುಳಿದು, ಮುಂದಿನ ಸೀಟಿನವರ ಬುಟ್ಟಿ ಉರುಳಿಸಿ, ಹೊರಟ ಬಸ್ಸಿನಿಂದ ಹಾರಿಯೇ ಇಳಿದರು. ಇಳಿದವರು ನನ್ನ ಕಡೆ ತಿರುಗಿ ಕೂಗಿದರು: “ಪೊರ್ಬುಗಳೇ, ಸಭೆ ಸುಧಾರಿಸಿ! ಸಂಜೆ ಬಸ್ಸಿಗೆ ಇಲ್ಲೇ ಇರ್ತೇನೆ!” ಆಗಲೇ ಮಣ್ಣಿನ ದಾರಿಯಲ್ಲಿ ಗುಲಾಬಿಯಕ್ಕ ಮುಂದೆ, ಇವರು ಹಿಂದೆ.

ಕಾರ್ಕಳದಲ್ಲಿ ನನ್ನ ಪಾಡು ಯಾರಿಗೂ ಬೇಡ. ಊರಿನ ಗಣ್ಯರೆಲ್ಲ ಸೇರಿದ್ದಾರೆ, ಶಾಲು ಉಂಟು, ಹಣ್ಣಿನ ಬುಟ್ಟಿ ಉಂಟು, ಸಾಹಿತಿ ಇಲ್ಲ. “ಎಂತ ಆಯ್ತು, ಹುಷಾರಿಲ್ವಾ?” ಎಂದು ಎಲ್ಲರೂ ಕೇಳಿದರು. ಹುಷಾರಾಗಿದ್ದಾರೆ ಎಂದೆ. ಅಧ್ಯಕ್ಷರು “ನಮ್ಮ ಊರಿನ ಹೆಮ್ಮೆಯ ಸಾಹಿತಿ” ಎಂದು ಶುರುಮಾಡಿ, ಕೊನೆಗೆ ಶಾಲನ್ನು ನನ್ನ ಹೆಗಲಿಗೇ ಹೊದೆಸಿದರು. ಅವರ ಬಗ್ಗೆ ನಾಲ್ಕು ಮಾತಾಡಿ ಎಂದರು. ಏನು ಮಾತಾಡಿದೆನೋ ನೆನಪಿಲ್ಲ. ಮನಸ್ಸೆಲ್ಲ ಆ ಮಣ್ಣಿನ ದಾರಿಯಲ್ಲಿತ್ತು.

ಸಂಜೆ ಬಸ್ಸಿನಲ್ಲಿ ಶಾಲು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನ ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಅಕ್ಕ ಬಾಗಿಲು ತೆಗೆದಿರಬಹುದೇ? ಬೈದಿರಬಹುದೇ? ಇವರ ಸ್ವಭಾವ ನನಗೆ ಗೊತ್ತು. ಯಾವ ಮನೆಯಲ್ಲಿಯೂ ಹೆಚ್ಚು ಹೊತ್ತು ಕೂತವರಲ್ಲ. ಬಸ್ಸು ಬರುವ ಎಷ್ಟೋ ಮೊದಲೇ ಬಂದು ಸ್ಟ್ಯಾಂಡಿನಲ್ಲಿ ಅತ್ತಿತ್ತ ನಡೆಯುತ್ತಿರುತ್ತಾರೆ ಎಂದುಕೊಂಡೆ.

ಹಿರಿಯಡ್ಕದಲ್ಲಿ ಬಸ್ಸು ನಿಂತಿತು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡಿದೆ. ಅಂಗಡಿಯ ಮುಂದೆ ಇಬ್ಬರು ಬೀಡಿ ಸೇದುತ್ತಿದ್ದರು. ಮಣ್ಣಿನ ದಾರಿ ಖಾಲಿ ಇತ್ತು. ಸ್ವಲ್ಪ ನಿಲ್ಲಿಸಿ ಮಾರಾಯ್ರೆ, ಒಬ್ಬರು ಬರಲಿಕ್ಕೆ ಉಂಟು ಎಂದೆ. ಕಂಡಕ್ಟರ್ ಮಧ್ಯಾಹ್ನದವನೇ, ನಿಲ್ಲಿಸಿದ. ಜನ ಗೊಣಗಲಿಕ್ಕೆ ಶುರುಮಾಡಿದರು. ದಾರಿಯಲ್ಲಿ ಯಾರೂ ಕಾಣಲಿಲ್ಲ.

“ನಿಮ್ಮವರು ಬರ್ಲಿಲ್ವಾ?” ಕಂಡಕ್ಟರ್ ಕೇಳಿದ.

“ಇಲ್ಲ,” ಎಂದೆ. ಕಿಟಕಿಯಿಂದ ಮೈ ಒಳಗೆ ಎಳೆದುಕೊಂಡೆ. “ಹೋಗುವ. ಅವರು ಮನೆಯಲ್ಲಿದ್ದಾರೆ.”